ಸೌಟು ತಿರುವುವವಳ ಕಥೆ

ಆ ಧಾರಾವಾಹಿಯಲ್ಲಿ ಅಡುಗೆಯವಳು ವರ್ಷಗಟ್ಟಲೆ ತುಟಿ ಬಿಚ್ಚಿರಲಿಲ್ಲ. ಪಾತ್ರ ಮಾಡುತ್ತಿದ್ದ ನಟಿಗೆ ಒಂದು ಸಾಲು ಮಾತೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಸಂಭಾಷಣೆ ಬರೆಯುವವನು ಅವಳ ಕೈಗೊಂದು ಸೌಟು ಕೊಟ್ಟು ಒಲೆಯ ಮುಂದೆ ನಿಲ್ಲಿಸಿಬಿಟ್ಟಿದ್ದ. ಅಭಿಮಾನಿಗಳೆಂಬ ಮಹಾಜ್ಞಾನಿಗಳಿಗೆ ಆ ಸೌಟಿನಲ್ಲೇ ಸಮುದ್ರದಷ್ಟು ದುಃಖ ಕಂಡಿತು. ಅವಳದೇ ಬೇರೆ ಧಾರಾವಾಹಿ ಬೇಕೆಂದು ಚಾನೆಲ್ಲಿನವರ ತಲೆ ತಿಂದರು. ಸರಿ, ಅವನು ಅವಳಿಗೊಂದು ಬಾಲ್ಯ ಕೊಟ್ಟ, ಮುರಿದ ಪ್ರೇಮ ಕೊಟ್ಟ, ಬೇರೊಬ್ಬಳ ಕಂಠದಲ್ಲಿ ಬಾಯ್ತುಂಬ ಮಾತೂ ಕೊಟ್ಟ.

ಹೊಸ ಧಾರಾವಾಹಿಯ ಮೊದಲ ಕಂತು ಮುಗಿಯುತ್ತಿದ್ದಂತೆ ಅವನ ಅಕ್ಕ ಫೋನ್ ಮಾಡಿದಳು. ಅಭಿಮಾನಿಗಳ ಗುಂಪಿಗೆ ಅವಳೇ ಯಜಮಾನಿ.

"ಏನೋ ಇದು? ನಮ್ಮ ಅಡುಗೆಯವಳು ಹಿಂಗೆಲ್ಲಾ ವಟವಟ ಅಂತಾಳೇನೋ? ಅವಳ ಮನಸ್ಸಲ್ಲಿರೋದು ನಿಂಗೇನು ಗೊತ್ತು?"

"ಅವಳನ್ನ ಬರೆದವನೇ ನಾನು ಕಣಕ್ಕಾ."

"ಬರೆದ್ಬಿಟ್ರೆ ಆಯ್ತಾ? ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ನಾವು!"

ಅವನಿಗೆ ಮೈಯೆಲ್ಲ ಉರಿದುಹೋಯಿತು. ಈ ಜನಕ್ಕೆ ಬುದ್ಧಿ ಕಲಿಸಲೇಬೇಕೆಂದು ಮುಂದಿನ ಕಂತಿಗೆ ಒಂದಕ್ಷರವನ್ನೂ ಬರೆಯಲಿಲ್ಲ. ಅಡುಗೆಯವಳು ಕಂತಿನುದ್ದಕ್ಕೂ ಖಾಲಿ ಪಾತ್ರೆಯಲ್ಲಿ ಸೌಟು ತಿರುವಿದಳು. ಒಲೆಯನ್ನೂ ಹಚ್ಚಿಸಿರಲಿಲ್ಲ ಪುಣ್ಯಾತ್ಮ. ಬೈಗುಳ ಕೇಳಲು ಫೋನ್ ಪಕ್ಕದಲ್ಲೇ ಹಾಯಾಗಿ ಕುಳಿತ.

ಅಕ್ಕನ ಫೋನ್ ಬಂತು.

"ಎಲ್ರೂ ಅತ್ತುಬಿಟ್ವಿ ಕಣೋ," ಎಂದಳು. "ಇಷ್ಟು ಚೆನ್ನಾಗಿ ನೀನು ಯಾವತ್ತೂ ಬರೆದಿರ್ಲಿಲ್ಲ."