ಹನ್ನೊಂದು ಪದ್ಯದ ದೂರ

ಹನ್ನೊಂದನೆಯ ಪದ್ಯ ಮುಗಿಯಿತು. ಬೋಟು ಇನ್ನೂ ಮನೆಯ ಮುಂದೆ ಬಂದಿರಲಿಲ್ಲ.

ಹೊಲಿಗೆಯಕ್ಕ ಮಿಶನ್ನಿನ ಚಕ್ರದ ಮೇಲೆ ಅಂಗೈ ಊರಿಕೊಂಡು ಕೂತಿದ್ದಳು. ಯಾರದೋ ಕೋಟಿನ ತೋಳಿನಲ್ಲಿ ಸೂಜಿ ಅರ್ಧ ಇಳಿದು ನಿಂತಿತ್ತು. ನದಿಯ ತಿರುವಿನಲ್ಲಿ ಎಂಜಿನ್ನಿನ ಸದ್ದು ಮೊದಲು ಕಿವಿಗೆ ಬಿದ್ದಾಗ ಪದ್ಯ ಶುರುಮಾಡಿದರೆ, ಹನ್ನೊಂದನೆಯದರ ಕೊನೆಯ ಸಾಲಿಗೆ ಬೋಟು ಮನೆಯ ಮುಂದೆ ಹಾದುಹೋಗಬೇಕು. ನೀರು ಏರಿದ ದಿನ ಅರ್ಧ ಪದ್ಯ ಹೆಚ್ಚು, ಅಷ್ಟೆ. ಈಗ ನದಿ ಇಳಿದಿತ್ತು. ಆದರೂ ಅವಳು ಹನ್ನೆರಡನೆಯದನ್ನು ಪೂರ್ತಿ ಹೇಳಿ, ಹದಿಮೂರನೆಯದರ ಎರಡನೆಯ ಸಾಲಿಗೆ ಬಂದಮೇಲೆ ಸದ್ದು ಹಾದು ಜನ ಹತ್ತಿ ಇಳಿಯುವ ಕಡವಿನ ಕಡೆಗೆ ಹೋಯಿತು.

ಪದ್ಯಗಳು ಅಪ್ಪನಿಂದ ಬಂದವು. ಅಪ್ಪ ದಿನಾ ಸಂಜೆ ಗೋಡೆಗೊರಗಿ ಕೂತು ರಾಗವಾಗಿ ಓದುತ್ತಿದ್ದ. ಅವಳು ಅವನ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದಳು. ಪದಗಳಿಗಿಂತ ಮೊದಲು ಅವಳಿಗೆ ಬಾಯಿಪಾಠವಾದದ್ದು ಅವನು ಉಸಿರು ತೆಗೆದುಕೊಳ್ಳುವ ಜಾಗಗಳು. ಕೆಲವು ಮಾತುಗಳ ಅರ್ಥ ಇವತ್ತಿಗೂ ತಿಳಿಯದು, ಆದರೆ ಉಸಿರು ತಪ್ಪುವುದಿಲ್ಲ. ಬೋಟು ಬೇಗ ಬರಲಿ ಎಂದು ಅವಸರದಲ್ಲಿ ಹೇಳಿದವಳಲ್ಲ, ತಡವಾಯಿತೆಂದು ಎಳೆದವಳೂ ಅಲ್ಲ. ದೇವರ ಮುಂದೆ ಹೇಳುವುದನ್ನು ನಮಗೆ ಬೇಕಾದಷ್ಟು ಉದ್ದ ಮಾಡಿಕೊಳ್ಳಬಾರದು ಎಂದು ಅಪ್ಪ ಹೇಳಿದ್ದ.

ಬೋಟು ಅವಳ ಗಂಡನದಾಗಿತ್ತು. ಬೆಳಿಗ್ಗೆ ಜನರನ್ನು ಕೆಳಗಿನ ಗಿರಣಿಗೆ ಕರೆದೊಯ್ದು, ಸಂಜೆ ವಾಪಸ್ಸು ತರುವ ಬೋಟು. ನದಿಯ ತುಂಬ ಜೊಂಡು, ಪಾಚಿ. ನೀರು ಎಳೆದುಕೊಂಡು ತಣಿಯುವ ಎಂಜಿನ್ನುಗಳ ಬಾಯಿಗೆ ಅದು ಸಿಕ್ಕಿಕೊಂಡು ವಾರಕ್ಕೊಮ್ಮೆ ರಿಪೇರಿ. ಅದಕ್ಕೇ ಗಂಡ ಗಾಳಿಯಿಂದ ತಣಿಯುವ ಡೀಸೆಲ್ ಎಂಜಿನ್ ಹುಡುಕಿ ತಂದಿದ್ದ. ಎರಡು ಸಿಲಿಂಡರು, ಅವುಗಳ ಸುತ್ತ ಬಾಚಣಿಗೆಯ ಹಲ್ಲಿನಂಥ ಕಬ್ಬಿಣದ ಪಟ್ಟಿಗಳು, ಆ ಹಲ್ಲುಗಳ ಸಂದಿಗೆ ಗಾಳಿ ನುಗ್ಗಿಸುವ ದೊಡ್ಡ ಫ್ಯಾನು. "ನೀರಿನ ಮೇಲೇ ಬದುಕಿ ತೊಟ್ಟು ನೀರು ಮುಟ್ಟದ ಪ್ರಾಣಿ ಇದೊಂದೇ ನೋಡು. ಮಹಾ ಮಡಿ," ಎಂದು ನಗುತ್ತಿದ್ದ. ಅದರ ಗದ್ದಲದಲ್ಲಿ ಇಪ್ಪತ್ತಾರು ವರ್ಷ ಕೂತು ಅವನ ಕಿವಿ ಮಂದವಾಗಿತ್ತು. ಮನೆಯಲ್ಲೂ ಕೂಗಿ ಮಾತಾಡುತ್ತಿದ್ದ. ಉಪ್ಪು ಕೇಳಿದರೂ ಜಗಳ ಆಡಿದ ಹಾಗೆ. ಎರಡು ವರ್ಷದ ಹಿಂದೆ ಆ ಕೂಗು ನಿಂತುಹೋಯಿತು.

ಬೋಟನ್ನು ಅವಳು ಒಬ್ಬ ಲಾರಿ ಡ್ರೈವರನಿಗೆ ಕೊಟ್ಟಳು. ಯಾವಾಗಲೂ ಸಿಳ್ಳೆ ಹಾಕುತ್ತಿರುತ್ತಾನೆಂದು ಅವನಿಗೆ ಸಿಳ್ಳೆ ಎಂದೇ ಹೆಸರು. ಕೊಡುವಾಗ ಅವಳು ಕೇಳಿದ್ದು ಒಂದೇ ಮಾತು: ಎಂಜಿನ್ ಬದಲಾಯಿಸಬೇಡ. ಸಿಳ್ಳೆ ಎದೆಯ ಮೇಲೆ ಕೈಯಿಟ್ಟು, "ನೀವು ಹೇಳೋವರೆಗೂ ಮುಟ್ಟಲ್ಲ ಅಕ್ಕ," ಎಂದಿದ್ದ. ಯಾಕೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಸಂಜೆ ಹನ್ನೊಂದು ಪದ್ಯದಷ್ಟು ಹೊತ್ತು ಈ ಮನೆಗೆ ಯಾರೋ ಬರುತ್ತಿದ್ದಾರೆ ಅನ್ನಿಸುತ್ತದೆ, ಉಳಿದ ಹೊತ್ತು ಅನ್ನಿಸುವುದಿಲ್ಲ. ಇದನ್ನು ಲಾರಿ ಓಡಿಸುವವನಿಗೆ ಹೇಗೆ ಹೇಳುವುದು?

ಬಾಗಿಲು ತಳ್ಳಿಕೊಂಡು ನಾದಿನಿ ಬಂದಳು. ಗಂಡನ ತಂಗಿ, ಗಿರಣಿಯಲ್ಲಿ ಕೆಲಸ. ಬೋಟಿಳಿದು ಮನೆಗೆ ಹೋಗುವ ಮೊದಲು ಇಲ್ಲಿ ಐದು ನಿಮಿಷ ಕೂತು ಊರ ಸುದ್ದಿಯನ್ನೆಲ್ಲ ಕೊಡವಿ ಹೋಗುವುದು ಅವಳ ರೂಢಿ.

"ಇವತ್ತು ತಡ ಆಯ್ತಲ್ಲೇ," ಎಂದಳು ಹೊಲಿಗೆಯಕ್ಕ.

"ತಡ ಆದ್ರೆ ಆಗ್ಲಿ ಅತ್ತಿಗೆ. ಈಗ ಬೋಟಲ್ಲಿ ಎಷ್ಟು ಬೆಚ್ಚಗಿರತ್ತೆ ಗೊತ್ತಾ? ಇಳಿಯೋಕೇ ಮನಸ್ಸು ಬರಲ್ಲ. ಈ ಸಲ ಬಿಸಿಗಾಳಿ ಬಿಡ್ತಾನೆ ಒಳಗೆ. ಮೊನ್ನೆ ಒಬ್ಬಳು ಗೊರಕೆ ಹೊಡೆದುಬಿಟ್ಟಳು."

ಹೊಲಿಗೆಯಕ್ಕನ ಕೈ ಚಕ್ರದ ಮೇಲಿಂದ ಸರಿಯಿತು. ಎಂಜಿನ್ನಿನ ಬಿಸಿಗಾಳಿ ಒಂದು ತಗಡಿನ ಕೊಳವೆಯಲ್ಲಿ ಹರಿದು ಬೋಟಿನ ಹೊರಗೆ ಹೋಗುತ್ತದೆ. ಚಳಿಗಾಲಕ್ಕೆಂದು ಆ ಕೊಳವೆಯ ನಡುವೆ ಗಂಡ ಒಂದು ಸಣ್ಣ ಕದ ಇಡಿಸಿದ್ದ. ಅದನ್ನು ತಿರುಗಿಸಿದರೆ ಬಿಸಿಗಾಳಿ ಜನ ಕೂರುವಲ್ಲಿಗೆ ಬರುತ್ತದೆ.

"ಮುಂದಿನ ಗಾಳಿಕಂಡಿಯ ಮುಚ್ಚಳ ತೆಗೆದಿರ್ತಾನಾ?"

"ಈ ಚಳೀಲಾ? ತೆಗೆದ್ರೆ ಮುಂದೆ ಕೂತವರು ಹೆಪ್ಪುಗಟ್ಟಿ ಹೋಗ್ತಾರೆ. ನಮ್ಮಣ್ಣ ಒಬ್ಬ ತೆಗೀತಿದ್ದ, ಬಡ್ಡೀಮಗ. ಎಷ್ಟು ಬೈಸ್ಕೊಂಡ ಅದಕ್ಕೆ!"

ಬೈಸಿಕೊಂಡೂ ಅಣ್ಣ ಯಾಕೆ ತೆಗೆಯುತ್ತಿದ್ದ ಎಂದು ಹೊಲಿಗೆಯಕ್ಕ ಹೇಳಲಿಲ್ಲ. ಕದ ಒಳಕ್ಕೆ ತಿರುಗಿಸಿದ ದಿನ ಮುಚ್ಚಳ ತೆಗೆದಿರಲೇಬೇಕು. ಇಲ್ಲದಿದ್ದರೆ ಎಂಜಿನ್ನಿಗೆ ಹೊಸ ಗಾಳಿ ಎಲ್ಲಿಂದ? ತಾನು ಬಿಟ್ಟ ಉಸಿರನ್ನೇ ತಾನು ಎಳೆದುಕೊಳ್ಳುತ್ತ, ಗಳಿಗೆಗೊಂದಿಷ್ಟು ಕಾಯುತ್ತ, ಕೊನೆಗೊಂದು ದಿನ ನಡುನೀರಿನಲ್ಲಿ ಕಚ್ಚಿಕೊಂಡು ನಿಂತುಬಿಡುತ್ತದೆ.

"ಇನ್ನೊಂದು ವಿಷಯ," ನಾದಿನಿ ಎದ್ದು ಚೀಲ ಹೆಗಲಿಗೇರಿಸಿದಳು. "ಸಿಳ್ಳೆ ನೀರಿನ ಎಂಜಿನ್ ಒಂದನ್ನ ನೋಡಿಟ್ಟಿದಾನಂತೆ. ಈಗಿನವಕ್ಕೆ ಪಾಚಿ ಸೋಸೋ ಜಾಲರಿ ಇರತ್ತಂತೆ, ಸದ್ದೇ ಇಲ್ವಂತೆ. ಈ ಮುದುಕಪ್ಪ ಎಂಜಿನ್ ಒಂದು ಸಲ ಮೊಂಡು ಹಿಡೀಲಿ, ಅಕ್ಕನ ಹತ್ರ ಹೋಗಿ ಮಾತು ವಾಪಸ್ ಇಸ್ಕೋತೀನಿ ಅಂತಿದ್ದ."

ಆ ರಾತ್ರಿಯ ಊಟ ಅವಳಿಗೆ ರುಚಿಸಲಿಲ್ಲ. ಹೇಳಿದರೆ ಎಂಜಿನ್ ಹೋಗುತ್ತದೆ. ಹೇಳದಿದ್ದರೂ ಹೋಗುತ್ತದೆ, ಆದರೆ ಇವತ್ತಲ್ಲ, ನಾಳೆಯೂ ಅಲ್ಲವೇನೋ. ಮರುದಿನ ಹದಿಮೂರು ಪದ್ಯ ಹಿಡಿಯಿತು. ಅದರ ಮರುದಿನವೂ ಹದಿಮೂರು. ಇದೇ ಆಗಿ ನಿಂತುಬಿಟ್ಟರೆ ಸಾಕು ಎಂದುಕೊಂಡಳು. ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೆಯಾಗಿ ದೇವರ ಮುಂದೆ ಕೂತಳು. ಕಣ್ಣು ಮುಚ್ಚಿದರೆ ಕೇಳಿಸಿದ್ದು ಮತ್ತದೇ ಸದ್ದು. ಒಂದು ಪೆಟ್ಟು ಗಟ್ಟಿ, ಒಂದು ಪೆಟ್ಟು ಮೆತ್ತಗೆ. ಹಿಂದಿನ ಸಿಲಿಂಡರಿಗೆ ಮೊದಲಿಂದಲೂ ಗಾಳಿ ಕಡಿಮೆ. ಅದರ ದನಿ ಯಾವಾಗಲೂ ಒಂದು ಕೂದಲೆಳೆ ಕೆಳಗೆ. ಈಗ ಆ ಮೆತ್ತನೆಯ ಪೆಟ್ಟಿನ ಒಳಗೆ ಒಣಕೆಮ್ಮಿನಂಥದ್ದು ಸೇರಿಕೊಂಡಿತ್ತು.

ನಾಲ್ಕನೆಯ ದಿನ ಹದಿನಾಲ್ಕು. ಅವಳು ಕೊನೆಯ ಪದ್ಯವನ್ನು ಬೇಗ ಬೇಗ ಹೇಳಿದ್ದಳು. ಅವಸರ ಮಾಡುತ್ತಿದ್ದೇನೆಂದು ಅರ್ಧದಲ್ಲಿ ತಿಳಿದು ಅಲ್ಲಿಗೇ ನಿಲ್ಲಿಸಿದಳು.

ಐದನೆಯ ದಿನ ಮಧ್ಯಾಹ್ನ ಶಾಲು ಹೊದ್ದು ಕಡವಿಗೆ ಹೋಗಿ ಬೋಟು ಹತ್ತಿದಳು. ಗಂಡ ಹೋದಮೇಲೆ ಇದೇ ಮೊದಲು. ಗಿರಣಿಯ ಜನರನ್ನು ತರಲು ಹೊರಟ ಖಾಲಿ ಬೋಟು ಪ್ರವಾಹದ ಜೊತೆ ಹಗುರವಾಗಿ ಕೆಳಗಿಳಿಯಿತು. ಗಿರಣಿಯ ಕಡವಿನಲ್ಲಿ ಎಂಜಿನ್ ನಿಂತಮೇಲೆ, ಸಿಳ್ಳೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ.

"ಏನಕ್ಕ, ಅಪರೂಪಕ್ಕೆ ಸವಾರಿ? ಮನೆ ಮಗಳು ಗಂಡನ ಮನೇಲಿ ಹೇಗಿದಾಳೆ ಅಂತ ನೋಡೋಕಾ?"

"ಮಗಳಿಗೆ ಉಸಿರು ಕಟ್ತಿದೆ," ಎಂದಳು. ಆಮೇಲೆ ಕದದ ವಿಷಯ, ಮುಚ್ಚಳದ ವಿಷಯ ಹೇಳಿದಳು.

ಸಿಳ್ಳೆ ನಕ್ಕ. ಕೆಟ್ಟ ನಗುವಲ್ಲ. "ಇಪ್ಪತ್ತು ವರ್ಷ ಲಾರಿ ಓಡಿಸಿದೀನಿ ಅಕ್ಕ. ಎಂಜಿನ್ ಕಾದ್ರೆ ನೀರು ಕುದಿಯತ್ತೆ, ಹೊಗೆ ಏಳತ್ತೆ, ಡ್ಯಾಶಲ್ಲಿ ಮುಳ್ಳು ಕೆಂಪಿಗೆ ಹೋಗತ್ತೆ. ಇದರಲ್ಲಿ ಕುದಿಯೋಕೆ ನೀರೇ ಇಲ್ವಲ್ಲ? ಅದೇ ಇದರ ಸುಖ."

"ಕುದಿಯೋಕೆ ಏನೂ ಇಲ್ಲದಿದ್ರೆ ಕಾದಿದ್ದು ಗೊತ್ತಾಗಲ್ಲ, ಅಷ್ಟೆ."

"ಮನೇಲಿ ಕೂತವರಿಗೆ ಗೊತ್ತಾಯ್ತಾ?" ಎಂದವನು ಅವಳ ಮುಖ ನೋಡಿ ದನಿ ತಗ್ಗಿಸಿದ. "ಆಯ್ತು. ನಾಳೆ ಬಿಚ್ಚಿ ನೋಡ್ತೀನಿ. ಈಗ ಜನ ಬಂದ್ರು."

ಗಿರಣಿಯವರು ಹತ್ತಿದರು, ಮೂವತ್ತು ಜನ, ಹೆಚ್ಚಿನವರು ಹೆಂಗಸರು. ಅತ್ತಿಗೆಯನ್ನು ಕಂಡು ನಾದಿನಿ ಬಾಯಿಬಿಟ್ಟು, ಅವಳ ಪಕ್ಕಕ್ಕೇ ಬಂದು ಕೂತಳು. ಕಿಟಕಿಗಳು ಮುಚ್ಚಿದ್ದವು, ಮುಂದಿನ ಮುಚ್ಚಳವೂ. ಕೊಳವೆಯ ಬಿಸಿಗಾಳಿ ಕಾಲುಗಳ ನಡುವೆ ಹರಡಿತು. ಒಬ್ಬಳು ಚಪ್ಪಲಿ ಕಳಚಿ ಪಾದ ಚಾಚಿದಳು. ಹೊಲಿಗೆಯಕ್ಕನಿಗೂ ಹಿತವಾಯಿತು. ಆ ಹಿತವನ್ನು ಅವಳಿಂದ ಸಹಿಸಲಾಗಲಿಲ್ಲ.

ಬೋಟು ಪ್ರವಾಹದ ಎದುರು ಮೇಲೇರತೊಡಗಿತು. ತಿರುವು ಇನ್ನೂ ಕಾಣುತ್ತಿರಲಿಲ್ಲ, ಅಷ್ಟರಲ್ಲಿ ಒಣಕೆಮ್ಮು ಶುರುವಾಯಿತು. ಬಣ್ಣ ಸುಟ್ಟ ವಾಸನೆ ಬಂತು. ಪಕ್ಕದ ಜೊಂಡು ಹಿಂದಕ್ಕೆ ಸರಿಯುವುದು ನಿಧಾನವಾಯಿತು. ಸಿಳ್ಳೆ ಸಿಳ್ಳೆ ಹಾಕುವುದನ್ನು ಬಿಟ್ಟು ವೇಗದ ಹಿಡಿಯನ್ನು ಮುಂದಕ್ಕೊತ್ತಿದ. ಸದ್ದು ಏರಲಿಲ್ಲ, ಇನ್ನಷ್ಟು ಕುಸಿಯಿತು. ಅವನ ಕೈ ಎಂಜಿನ್ ನಿಲ್ಲಿಸುವ ತಂತಿಯ ಕಡೆಗೆ ಹೋಯಿತು.

ಅವಳು ಹೇಗೆ ಎದ್ದಳೋ. ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಗಂಡನ ಹಾಗೆ ಕೂಗಿದಳು: "ನಿಲ್ಲಿಸಬೇಡ! ನಿಲ್ಲಿಸಿದ್ರೆ ಫ್ಯಾನೂ ನಿಲ್ಲತ್ತೆ, ಇದ್ದ ಬಿಸಿಯೆಲ್ಲ ಒಳಗೇ ಉಳಿದು ಕಚ್ಕೊಳ್ಳತ್ತೆ! ನಿಧಾನ ಮಾಡು, ನಿಲ್ಲಿಸಬೇಡ!"

ಅವನು ಹಿಡಿಯನ್ನು ಹಿಂದಕ್ಕೆಳೆದ. ಅವಳು ಶಾಲಿನ ತುದಿಯನ್ನು ಕೈಗೆ ಸುತ್ತಿಕೊಂಡು, ಕಾದ ಕೊಳವೆಯ ಕದವನ್ನು ಹೊರಕ್ಕೆ ತಿರುಗಿಸಿದಳು. ಮುಂದೆ ಹೋಗಿ ಮುಚ್ಚಳದ ಕೊಂಡಿ ತೆಗೆದು ನೂಕಿದಳು. ನದಿಯ ಚಳಿಗಾಳಿ ಒಂದೇ ಸಲಕ್ಕೆ ಒಳಗೆ ನುಗ್ಗಿತು.

"ಅಯ್ಯೋ ಮುಚ್ಚ್ರೀ!" "ಎಂಜಿನ್ ತಣ್ಣಗಾಗಬೇಕು ಸರಿ, ಅದಕ್ಕೆ ನಾವು ಹೆಪ್ಪುಗಟ್ಟಬೇಕಾ?" "ಯಾರಮ್ಮ ಇವಳು?"

"ನಮ್ಮತ್ತಿಗೆ!" ಎಂದು ನಾದಿನಿ ಎದ್ದು ನಿಂತು ಗದರಿದಳು. "ಚಳಿ ಆದವರು ಈಜ್ಕೊಂಡು ಹೋಗಿ!"

ಬೋಟು ಮುಂದೆಯೂ ಹೋಗದೆ ಹಿಂದೆಯೂ ಬೀಳದೆ ಪ್ರವಾಹದಲ್ಲಿ ನಿಂತಲ್ಲೇ ನಿಂತಿತು. ಎಂಜಿನ್ ಸಣ್ಣಗೆ ಬಡಿದುಕೊಳ್ಳುತ್ತಿತ್ತು. ಆ ಮಟ್ಟಕ್ಕೆ ಸದ್ದು ಇಳಿದಾಗ ಮಾತ್ರ ಅದರ ಪಕ್ಕ ಮಾತು ಕೇಳುತ್ತದೆ. ಸಿಳ್ಳೆಯ ಹಣೆಯಲ್ಲಿ ಆ ಚಳಿಯಲ್ಲೂ ಬೆವರಿತ್ತು.

"ನಿಮಗೆ ಎಷ್ಟು ದಿನದಿಂದ ಕೇಳಿಸ್ತಿದೆ ಇದು?"

ಅವಳು ಕೈಗೆ ಸುತ್ತಿದ ಶಾಲನ್ನು ಬಿಚ್ಚುತ್ತ ಅಂದಳು, "ಐದು ದಿನ."

"ಐದು ದಿನಾನಾ." ಅವನು ತಿರುಗಿ ಬೆಂಚುಗಳ ಕಡೆ ನೋಡಿದ. ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. "ಇಷ್ಟು ಜನ ಇರ್ತಾರಲ್ಲ ಅಕ್ಕ."

"ಹೇಳಿದ್ರೆ ನೀನು ಇದನ್ನ ತೆಗೆದುಬಿಡ್ತೀಯ ಅಂತ."

ಅವನು ಬೈಯುತ್ತಾನೆ ಎಂದುಕೊಂಡಳು, ಬೈದಿದ್ದರೆ ಒಳ್ಳೆಯದಿತ್ತು. ಅವನು ಎಂಜಿನ್ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಸುಟ್ಟು, ಹಿಂದಕ್ಕೆಳೆದುಕೊಂಡ.

"ನನಗೆ ಇದರ ಮಾತು ತಿಳಿಯಲ್ಲ ಅಕ್ಕ. ನನಗೊಂದು ಮುಳ್ಳು ಬೇಕು, ಕೆಂಪು ಗೆರೆ ಬೇಕು. ಈಗ ನಾನು ನಿಲ್ಲಿಸ್ತಿದ್ದೆ, ಒಳ್ಳೇದೇ ಮಾಡ್ತಿದೀನಿ ಅಂತ. ನಾಳೆ ಇನ್ನೇನು ಮಾಡ್ತೀನೋ? ನೀವು ದಿನಾ ಬಂದು ಇಲ್ಲಿ ಕೂರೋಕಾಗತ್ತಾ?"

ಅವಳು ಅದನ್ನು ನಿಜವಾಗಿಯೂ ಯೋಚಿಸಿದಳು. ದಿನಾ ಬರುವುದು, ಈ ಪೆಟ್ಟಿಗೆಯ ಪಕ್ಕ ಕೂರುವುದು, ಕೇಳುವುದು. ಮುಚ್ಚಳದಿಂದ ಬಂದ ಗಾಳಿಗೆ ಮುಂದಿನ ಬೆಂಚಿನ ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮಾತು ಕೊಟ್ಟಿದೀನಿ," ಸಿಳ್ಳೆ ಮೆಲ್ಲಗೆ ಅಂದ. "ನೀವು ಬಿಡಿಸದೆ ನಾನು ಕೈ ಹಚ್ಚಲ್ಲ."

ಕೆಮ್ಮು ನಿಂತಿತ್ತು. ಗಟ್ಟಿ ಪೆಟ್ಟು, ಮೆತ್ತನೆಯ ಪೆಟ್ಟು. ಎರಡೂ ಸ್ವಚ್ಛವಾಗಿ ತಮ್ಮ ಜಾಗಕ್ಕೆ ಬಂದಿದ್ದವು.

"ತೆಗಿ," ಎಂದಳು.

"ಅಕ್ಕ?"

"ನಿನ್ನ ಮಾತಿಂದ ನಿನ್ನನ್ನ ಬಿಟ್ಟಿದೀನಿ. ತೆಗೆದುಬಿಡು. ಈಗ ಹೊರಡು, ಇವರಿಗೆ ಚಳಿ ಆಗ್ತಿದೆ."

ಮುದುಕಿಯನ್ನು ಒಳಕ್ಕೆ ಕಳಿಸಿ ಅವಳು ಮುಂದಿನ ಬೆಂಚಿನಲ್ಲಿ ಕೂತಳು. ಸಿಳ್ಳೆ ಹಿಡಿಯನ್ನು ಮುಂದಕ್ಕೊತ್ತಿದ. ಸದ್ದು ಬೆನ್ನ ಹಿಂದೆ ತುಂಬಿಕೊಂಡು ಏರಿ, ಬೆಂಚಿನ ಹಲಗೆಯಿಂದ ಮೈಗೆ ಹತ್ತಿತು. ಪ್ರವಾಹ ಮುಂಭಾಗದಲ್ಲಿ ಸೀಳಿಕೊಂಡು ಎರಡು ಕಡೆಗೆ ಹೋಯಿತು. ಪದ್ಯ ಹೇಳಲು ಅವಳ ತುಟಿ ಅಲುಗಲಿಲ್ಲ.

ತಿರುವು ದಾಟಿದಾಗ ಮಬ್ಬು ಕವಿದಿತ್ತು. ದಂಡೆಯ ಮೇಲಿನ ಮನೆಗಳು ಒಂದೊಂದಾಗಿ ಕಂಡವು. ಈ ಹೊತ್ತಿನಲ್ಲಿ ಅವಳು ಅವುಗಳನ್ನು ನೀರಿನ ಮೇಲಿಂದ ನೋಡಿರಲಿಲ್ಲ. ಎಲ್ಲ ಒಂದೇ ಥರದ ಮಾಡು, ಒಂದೇ ಥರದ ಗೋಡೆ. ತನ್ನದು ಯಾವುದೆಂದು ಗುರುತು ಹತ್ತಲಿಲ್ಲ. ಒಂದೊಂದರಲ್ಲೂ ದೀಪವಿತ್ತು. ಒಂದರಲ್ಲಿ ಮಾತ್ರ ಇರಲಿಲ್ಲ.

ಬೋಟು ಅದರ ಮುಂದೆ ಬಂದಾಗ ಸದ್ದು ಆ ಗೋಡೆಗೆ ತಾಗಿ ತಿರುಗಿ ನೀರಿನ ಮೇಲೆ ಬಂತು. ಆಮೇಲೆ ಪಕ್ಕದ ಮನೆ. ಅದರ ಅಂಗಳದಲ್ಲಿ ಯಾರೋ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದರು. ಎರಡು ಕೈ ತುಂಬ ಬಟ್ಟೆ ಹಿಡಿದವರು ಬೋಟಿನ ಕಡೆ ತಲೆಯೆತ್ತದೆ ಒಳಗೆ ಹೋದರು.