ಎರಡು ಸುತ್ತಿನ ಸರಪಳಿ

ವಾರಂಬಿ ಕ್ರೀಕ್ ರಸ್ತೆಯಲ್ಲಿ ಮೂವತ್ತೊಂದು ಮನೆ. ಅದರಲ್ಲಿ ಮೂವತ್ತು ಮನೆಯ ಗೇಟಿನ ಕಂಬಕ್ಕೆ ಹಳದಿ ಮುಕ್ಕೋನದ ತಗಡು ಹೊಡೆದಿತ್ತು, ಗ್ಯಾಸ್ ಕಂಪನಿಯವರು ಒಳಗೆ ಕಾಲಿಡಕೂಡದು ಎಂದು. ಮೂವತ್ತನ್ನೂ ಹೊಡೆಸಿದವಳು ನೋಯ್ಲಾ ಪ್ರಾಟನ್. ನಿಮ್ಮ ನೆಲದಡಿ ಕಲ್ಲಿದ್ದಲಿದೆ, ಕಲ್ಲಿದ್ದಲಿನೊಳಗೆ ಗ್ಯಾಸ್ ಇದೆ, ಅಲ್ಲಿನ ನೀರು ಹೀರಿ ತೆಗೆದರೆ ಗ್ಯಾಸ್ ತಾನಾಗಿ ಮೇಲೆ ಬರುತ್ತದೆ ಎಂದು ಏಳು ವರ್ಷದ ಹಿಂದೆ ಕಂಪನಿಯವರು ನಗುನಗುತ್ತಾ ಬಂದಾಗ, ಕಾಗದ ಹಿಡಿದು ಮನೆ ಮನೆ ಹತ್ತಿಳಿದವಳು ಅವಳೇ. ಕಾಗದದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನಮ್ಮ ರಸ್ತೆಗೆ ಇದು ಬೇಕೋ ಬೇಡವೋ. ಆಗ ಅವಳಿಗೆ ಐವತ್ತೊಂಬತ್ತು. ಗಂಡ ವೆಸ್ ಬದುಕಿದ್ದ, ಮಂಡಿನೋವು ಇರಲಿಲ್ಲ, ಎರಡು ವರ್ಷದಲ್ಲಿ ಎಲ್ಲ ಮುಗಿಯುತ್ತದೆ ಎಂಬ ಭ್ರಮೆಯೂ ಇತ್ತು. ಈಗ ವೆಸ್ ಹೋಗಿ ಮೂರು ವರ್ಷ. ಮಂಡಿ ಎರಡೂ ಕೈಕೊಟ್ಟಿವೆ. ಕಂಪನಿ ಮಾತ್ರ ಗಟ್ಟಿಮುಟ್ಟಾಗಿದೆ.

ಮೂವತ್ತೊಂದನೆಯ ಮನೆ ರಸ್ತೆಯ ಕೊನೆಯದು, ಕ್ಲೆಮ್ ಹಾರ್ಗನ್‌ನದು. ನೋಯ್ಲಾಳ ಜಮೀನಿಗೂ ಅವನದಕ್ಕೂ ನಡುವೆ ಒಂದೇ ಬೇಲಿ, ಬೇಲಿಗೊಂದು ಗೇಟು. ಕ್ಲೆಮ್ ಬೇಡ ಅನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಏಳು ವರ್ಷವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ನೋಡೋಣ ಕಣೇ, ಬೆರಿಲ್‌ನ ಕೇಳ್ತೀನಿ" ಎನ್ನುತ್ತಿದ್ದ. ಅವನ ಹೆಂಡತಿ ಬೆರಿಲ್‌ಗೆ ಸೊಂಟದ ಆಪರೇಷನ್ನು, ಹಸುಗಳಿಗೆ ಮೇವಿಲ್ಲ, ಅವನ ತಾಪತ್ರಯ ಅವನಿಗೆ. ಒಪ್ಪದವರ ಜಮೀನಿಗೆ ಬರುವುದಿಲ್ಲ ಎಂದು ಕಂಪನಿ ಮಾತು ಕೊಟ್ಟಿತ್ತು. ಅದಕ್ಕೆ ಬೇಕಿದ್ದದ್ದು ಒಪ್ಪುವ ಒಬ್ಬ ಮನುಷ್ಯ. ಕ್ಲೆಮ್ ಸಹಿ ಹಾಕಿದರೆ ಮೊದಲ ಬಾವಿ ಅಲ್ಲಿ ಬೀಳುತ್ತದೆ, ಆಮೇಲೆ ಅಡಿಯ ನೀರಿಗೆ ಬೇಲಿ ಹಾಕುವವರು ಯಾರು? ನೋಯ್ಲಾಳಿಗೆ ಇದು ಉಸಿರಾಟದಷ್ಟು ಗೊತ್ತಿತ್ತು. ಹಾಗಾಗಿ ಎದುರಿಗೆ ಅವನ ಪಿಕಪ್ ಬಂದಾಗಲೆಲ್ಲ ಸ್ಟೇರಿಂಗ್ ಮೇಲಿನಿಂದ ತೋರುಬೆರಳೆತ್ತುತ್ತಿದ್ದಳು. ಅವನೂ ಎತ್ತುತ್ತಿದ್ದ. ಆ ರಸ್ತೆಯಲ್ಲಿ ಎಲ್ಲರೂ ಎಲ್ಲರಿಗೂ ಬೆರಳೆತ್ತುತ್ತಾರೆ, ಎತ್ತದಿದ್ದರೆ ಏನೋ ಆಗಿದೆ ಎಂದರ್ಥ.

ಫೆಬ್ರವರಿಯ ಆ ಮಧ್ಯಾಹ್ನ ಬಿಸಿಲು ನಲವತ್ತಮೂರು ಡಿಗ್ರಿ ದಾಟಿತ್ತು. ನೋಯ್ಲಾ ಪೇಟೆಯಲ್ಲಿ ಯಾವನೋ ಅಧಿಕಾರಿಯ ಮುಂದೆ ನಾಲ್ಕು ಗಂಟೆ ಕೂತು, ಅವನು ಎದುರಿಗೇ ಆಕಳಿಸುವುದನ್ನು ನೋಡಿ, ತಲೆ ಚಿಟ್ಟು ಹಿಡಿದು ಮನೆಗೆ ಬರುತ್ತಿದ್ದಳು. ಬೇಲಿಯ ಬಳಿ ನೋಡಿದರೆ ಗೇಟು ಹಾರುಹೊಡೆದಿದೆ. ಮಣ್ಣಿನಲ್ಲಿ ಟೈರಿನ ಹೊಸ ಗುರುತು. ಕಂಪನಿಯ ಸರ್ವೆಯವರು ಆ ವಾರ ರಸ್ತೆಯಲ್ಲಿ ಓಡಾಡುತ್ತಿದ್ದಾರೆಂಬ ಸುದ್ದಿ ಇತ್ತು.

"ಥೂ, ಗೇಟು ಮುಚ್ಚೋಕೂ ಬರಲ್ಲ ಈ ಮುಂಡೇವಕ್ಕೆ" ಎಂದು ಗೊಣಗಿಕೊಂಡು ಇಳಿದಳು, ಎಳೆದು ಮುಚ್ಚಿದಳು, ಸರಪಳಿಯನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಕೊಕ್ಕೆಗೆ ಸಿಕ್ಕಿಸಿದಳು.

ಇದನ್ನು ಹೇಳುವಾಗ ನನಗೇ ಸಂಕಟವಾಗುತ್ತದೆ. ಯಾಕೆಂದರೆ ಆ ಸೀಮೆಯಲ್ಲಿ ಮಕ್ಕಳು ನಡೆಯುವ ಮುಂಚೆ ಕಲಿಯುವುದು ಇದನ್ನೇ: ಗೇಟು ತೆರೆದಿದ್ದರೆ ತೆರೆದೇ ಬಿಡು, ಮುಚ್ಚಿದ್ದರೆ ಮುಚ್ಚಿಯೇ ಬಿಡು, ಕಂಡ ಹಾಗೆ ಬಿಟ್ಟು ಹೋಗು. ಚಳವಳಿಗೆಂದು ಸಿಡ್ನಿಯಿಂದ ಬಸ್ಸಿನಲ್ಲಿ ಬರುವ ಉತ್ಸಾಹಿಗಳಿಗೆ ಪಾಯಖಾನೆ ಎಲ್ಲಿದೆ ಎಂದು ತೋರಿಸುವ ಮೊದಲು ನೋಯ್ಲಾ ಹೇಳಿಕೊಡುತ್ತಿದ್ದದ್ದೂ ಇದನ್ನೇ. ಎಷ್ಟು ಜನಕ್ಕೆ ಹೇಳಿದ್ದಳೋ ಲೆಕ್ಕವಿಲ್ಲ. ಅಂಥವಳು ಅವತ್ತು ಮರೆತಳು. ಮರೆತಳು ಎಂದರೂ ತಪ್ಪೇ, ಕಂಪನಿಯ ಮೇಲಿನ ಸಿಟ್ಟಿನಲ್ಲಿ ಅವಳಿಗೆ ಬೇರೇನೂ ಕಾಣಲಿಲ್ಲ.

ಮನೆಯಲ್ಲಿ ದನಿ ಹಿಡಿದಿಡುವ ಫೋನಿನ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ಸಂದೇಶ ಕಾದಿದ್ದವು. ಎಲ್ಲ ಗ್ಯಾಸಿನವೇ ಇರುತ್ತವೆ, ಇನ್ನೊಂದು ಅರ್ಜಿ, ಇನ್ನೊಂದು ಮೀಟಿಂಗು. ಅವಳು ಗುಂಡಿ ಒತ್ತಲಿಲ್ಲ. ಮಾರನೆಯ ಬೆಳಿಗ್ಗೆ ಬೇಗ ಎದ್ದು ಕಂಪನಿಯ ಅರ್ಜಿಯ ವಿಚಾರಣೆಗೆ ಸಿಡ್ನಿಗೆ ಹೋದವಳು ಮೂರನೆಯ ದಿನ ವಾಪಸು ಬರುವಾಗ, ದಾರಿಯಲ್ಲೇ ಡಗಲ್ ಪ್ರೈಸ್ ಫೋನ್ ಮಾಡಿದ. ಡಗಲ್ ನಿವೃತ್ತ ಮೇಷ್ಟ್ರು, ಸಮಿತಿಯ ಅಧ್ಯಕ್ಷ.

"ನೋಯ್ಲಾ, ಕೇಳಿದ್ರಾ? ಕ್ಲೆಮ್‌ನ ಹನ್ನೊಂದು ಹಸು ಸತ್ತುಬಿದ್ದಿವೆ. ನೀರಿಲ್ಲದೆ. ನಿಮ್ಮ ಗೇಟಿನ ಹತ್ರಾನೇ. ಆ ಸರ್ವೆ ಹುಡುಗರು ಗೇಟು ಮುಚ್ಚಿ ಹೋಗಿದ್ದಾರೆ ನೋಡಿ, ಅಯೋಗ್ಯರು."

ಮನೆಗೆ ಬಂದವಳೇ ಫೋನಿನ ಗುಂಡಿ ಒತ್ತಿದಳು. ಹದಿನೇಳನೆಯ ಸಂದೇಶ ಕ್ಲೆಮ್‌ನದು. "ನೋಯ್ಲಾ, ನಾನು ಕಣೇ. ನನ್ನ ಪಂಪು ಕೆಟ್ಟು ಕೂತಿದೆ. ಗೇಟು ತೆಗೆದಿಟ್ಟಿದ್ದೀನಿ, ನನ್ನವು ನಿನ್ನ ಕೆರೆಗೆ ಬಂದು ನೀರು ಕುಡೀತವೆ. ಎರಡು ದಿನ ಹಂಗೇ ಇರ್ಲಿ. ಬೆರಿಲ್ ಆಪರೇಷನ್ನಿಗೆ ಟಾಮ್‌ವರ್ತಿಗೆ ಹೋಗ್ತಿದ್ದೀನಿ, ಬರೋವಾಗ ಪಂಪಿನ ಸಾಮಾನು ತರ್ತೀನಿ. ವೆಸ್ ಇದ್ದಾಗ್ಲೂ ಹಿಂಗೇ ಮಾಡ್ತಿದ್ವಲ್ಲ."

ಅವಳು ಅದನ್ನು ಮೂರು ಸಲ ಕೇಳಿದಳು. ಕೆರೆ ಗೇಟಿನಿಂದ ಕೂಗಳತೆಯ ದೂರ. ನೀರಿನ ವಾಸನೆ ಹಸುಗಳಿಗೆ ಬರುತ್ತಲೇ ಇದ್ದಿರಬೇಕು. ನೋಯ್ಲಾ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ವೆಸ್ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ, ಆಗಲೂ ಯಾವುದೋ ಅರ್ಜಿಯ ಗಡುವು ಇತ್ತು.

ನಾಲ್ಕು ದಿನದ ಮೇಲೆ ಊರ ಸಭಾಂಗಣದಲ್ಲಿ ಸಭೆ. ಹೇಳಬೇಕೆಂದೇ ಹೋದಳು. ಬಾಗಿಲಲ್ಲೇ ಜನ ಗಿಜಿಗುಡುತ್ತಿದ್ದರು. ವರ್ಷದಿಂದ ಮುಖ ತೋರಿಸದವರೂ ಬಂದಿದ್ದರು, ಕೇಕುಗಳ ಸಾಲೇ ಇತ್ತು. ಕ್ಲೆಮ್ ಹಿಂದಿನ ಸಾಲಿನಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಈ ಏಳು ವರ್ಷದಲ್ಲಿ ಅವನು ಸಭೆಗೆ ಬಂದದ್ದು ಅದೇ ಮೊದಲು.

ಡಗಲ್‌ಗೆ ಒಳ್ಳೆಯ ದಿನ. ಮೇಷ್ಟ್ರ ಗಂಟಲು ಬೇರೆ. "ಇವತ್ತು ಗೇಟು ಮುಚ್ಚಿದವರು ನಾಳೆ ನಮ್ಮ ನೀರು ಮುಚ್ಚುತ್ತಾರೆ" ಎಂದ. "ಕ್ಲೆಮ್, ನೀವೇನಾದ್ರೂ ಹೇಳ್ತೀರಾ?"

ಕ್ಲೆಮ್ ಎದ್ದು ನಿಂತು ಟೋಪಿಯ ಅಂಚನ್ನು ತಿರುಗಿಸಿದ. "ಮುಚ್ಚಿದೋರಿಗೆ ಗೊತ್ತಿರುತ್ತೆ" ಎಂದು ಕೂತುಬಿಟ್ಟ.

ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಡಗಲ್ ಕೆಳಗಿಳಿದು ಬಂದು ಹಳದಿ ತಗಡೊಂದನ್ನು ಅವನ ಕೈಗಿಟ್ಟ. ಕ್ಲೆಮ್ ತೆಗೆದುಕೊಂಡ. ಮೂವತ್ತೊಂದಕ್ಕೆ ಮೂವತ್ತೊಂದು ಎಂದು ಯಾರೋ ಕೂಗಿದರು, ಯಾರೋ ಅತ್ತರು. ಮುಂದಿನ ಭಾನುವಾರ ರಸ್ತೆಯ ತಲೆಯಲ್ಲಿ 'ಗ್ಯಾಸ್ ಮುಕ್ತ ರಸ್ತೆ' ಎಂಬ ದೊಡ್ಡ ಹಲಗೆ ನಿಲ್ಲಿಸುವುದೆಂದು ಅಲ್ಲೇ ತೀರ್ಮಾನವಾಯಿತು. ನೋಯ್ಲಾ ಸಮಿತಿಯ ಕಾರ್ಯದರ್ಶಿ. ನಡಾವಳಿ ಪುಸ್ತಕ ಅವಳ ತೊಡೆಯ ಮೇಲಿತ್ತು. 'ಕಂಪನಿಯ ಸಿಬ್ಬಂದಿ ಗೇಟು ಮುಚ್ಚಿದ್ದರಿಂದ ಶ್ರೀ ಹಾರ್ಗನ್ ಅವರ ಹನ್ನೊಂದು ಹಸುಗಳು ಮೃತಪಟ್ಟವು' ಎಂದು ತನ್ನ ದುಂಡು ಅಕ್ಷರದಲ್ಲಿ ಬರೆದಳು. ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ. ಅದೇ ಅವಳಿಗೆ ಆಮೇಲೆ ಹೆಚ್ಚು ನೋವು ಕೊಟ್ಟದ್ದು.

ಭಾನುವಾರ ಕಳೆಯಲಿ, ಹಲಗೆ ಒಂದು ನಿಲ್ಲಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಏಳು ವರ್ಷದ ದುಡಿಮೆಯನ್ನು ಒಂದು ಮಾತಿನಲ್ಲಿ ಮಣ್ಣುಪಾಲು ಮಾಡುವ ಹಕ್ಕು ನನಗೇನಿದೆ ಎಂದೂ ಅಂದುಕೊಂಡಳು. ಅಂದುಕೊಳ್ಳುವುದಕ್ಕೇನು, ಮನುಷ್ಯರು ಏನು ಬೇಕಾದರೂ ಅಂದುಕೊಳ್ಳುತ್ತಾರೆ. ಆದರೆ ನಿದ್ದೆ ಹತ್ತಲಿಲ್ಲ. ಶುಕ್ರವಾರ ಬೆಳಿಗ್ಗೆ ಎದ್ದು ಹಣ್ಣಿನ ಕೇಕು ಬೇಯಿಸಿದಳು. ಅದನ್ನು ಬಟ್ಟೆಯಲ್ಲಿ ಸುತ್ತಿದ ಮೇಲೆ ಲಂಚದ ಹಾಗೆ ಕಾಣಿಸಿತು. ಮೇಜಿನ ಮೇಲೇ ಬಿಟ್ಟು, ಬರಿಗೈಯಲ್ಲಿ ಕ್ಲೆಮ್‌ನ ಮನೆಗೆ ಹೋದಳು. ಆ ಮನೆಗೆ ಅವಳು ಬರಿಗೈಯಲ್ಲಿ ಹೋದದ್ದೇ ಇರಲಿಲ್ಲ.

ಕ್ಲೆಮ್ ಶೆಡ್ಡಿನಲ್ಲಿ ಪಂಪು ಬಿಚ್ಚಿಕೊಂಡು ಕೂತಿದ್ದ. ಹಳದಿ ತಗಡು ನಾಯಿಗೂಡಿನ ಪಕ್ಕ, ಮುಖ ಗೋಡೆಗೆ ಮಾಡಿ, ಒರಗಿಕೊಂಡಿತ್ತು.

"ಕ್ಲೆಮ್, ಗೇಟು ಮುಚ್ಚಿದ್ದು ನಾನು."

"ಗೊತ್ತು" ಎಂದ, ತಲೆ ಎತ್ತದೆ.

ಅವಳು ಅಲ್ಲೇ ಇದ್ದ ಡಬ್ಬದ ಮೇಲೆ ಕೂತಳು.

"ಸರಪಳಿ ಎರಡು ಸುತ್ತು ಸುತ್ತಿತ್ತು" ಎಂದ ಕ್ಲೆಮ್. "ವೆಸ್‌ನ ಆ ಕಳ್ಳ ಹೋರಿ ಮೂತೀಲಿ ಸರಪಳಿ ಬಿಚ್ಚೋದು ಕಲ್ತಿತ್ತಲ್ಲ, ಆವಾಗಿಂದ ನಿಮ್ಮನೆಯೋರೊಬ್ರೇ ಹಂಗೆ ಸುತ್ತೋದು. ಹೋರಿ ಸತ್ತು ಇಪ್ಪತ್ತು ವರ್ಷ ಆಯ್ತು ಕಣೇ. ನೀನಿನ್ನೂ ಸುತ್ತುತ್ತೀಯ."

"ಮತ್ತೆ ಅವತ್ತು ಸಭೇಲಿ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯೇನೋ ಅಂತ ಬಂದಿದ್ದೆ. ನೀನು ಬರ್ಕೋತಾ ಕೂತಿದ್ದೆ."

ನೋಯ್ಲಾ ಉಗುರಿಗೆ ಅಂಟಿದ್ದ ಕೇಕಿನ ಹಿಟ್ಟನ್ನು ಕೆರೆದುಕೊಂಡಳು. 

"ಸೋಮವಾರ ಕಂಪನಿಯವನು ಬಂದಿದ್ದ" ಎಂದು ಕ್ಲೆಮ್ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದ. "ಇಸ್ತ್ರಿ ಅಂಗಿ. ಬೆರಿಲ್‌ಗೆ ಹೂವು ತಂದಿದ್ದ. ನಮ್ಮ ಹುಡುಗ್ರಿಂದ ತಪ್ಪಾಯ್ತು ಸಾರ್, ಕ್ಷಮಿಸ್ಬೇಕು ಅಂದ. ಅವನ ಹುಡುಗ್ರು ಆ ಕಡೆಗೆ ಬಂದೇ ಇಲ್ಲ, ಅದು ಅವ್ನಿಗೂ ಗೊತ್ತು. ಆದ್ರೂ ಎಷ್ಟು ಚೆನ್ನಾಗಿ ಕೇಳ್ದ ಗೊತ್ತಾ, ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಅಲ್ಲ ನೋಯ್ಲಾ, ಮಾಡದೇ ಇರೋನು ಬಂದು ಕ್ಷಮೆ ಕೇಳಿ ಹೋದ. ಮಾಡಿದೋಳು ಬೇಲಿ ಆಚೆ ಇದ್ಲು, ಬರ್ಲಿಲ್ಲ. ನಾನೀಗ ಯಾರನ್ನ ನಂಬ್ಲಿ ಹೇಳು?"

"ನನ್ನಿಂದ ತಪ್ಪಾಯ್ತು ಕ್ಲೆಮ್. ಹೇಳೋಕೆ ಭಯ ಆಯ್ತು. ನೀನು ಸಹಿ ಹಾಕಿಬಿಡ್ತೀಯ ಅಂತ."

"ಕಾಗದ ಅಡುಗೆಮನೇಲಿದೆ. ಪೆನ್ನೂ ಅವನೇ ಕೊಟ್ಟು ಹೋಗಿದ್ದಾನೆ" ಎಂದು ಅವನು ಮತ್ತೆ ಪಂಪಿನ ಕಡೆ ಬಗ್ಗಿದ. ಟೀ ಕುಡೀತೀಯಾ ಎಂದು ಕೇಳಲಿಲ್ಲ. ಅವಳು ಎದ್ದು ಬಂದಳು.

ಭಾನುವಾರ ಹಲಗೆ ನಿಲ್ಲಿಸುವ ಮೊದಲು ಸಭಾಂಗಣದಲ್ಲಿ ಸಣ್ಣ ಸಭೆ. ಪದ್ಧತಿಯಂತೆ ಹಿಂದಿನ ಸಭೆಯ ನಡಾವಳಿ ಓದಬೇಕು, ಅಧ್ಯಕ್ಷ "ತಿದ್ದುಪಡಿ ಏನಾದ್ರೂ ಇದೆಯಾ" ಎಂದು ಕೇಳಬೇಕು, ಯಾರೂ ಮಾತಾಡದೆ ಇರಬೇಕು, ಮುಂದಕ್ಕೆ ಹೋಗಬೇಕು. ಏಳು ವರ್ಷದಲ್ಲಿ ಒಂದು ತಿದ್ದುಪಡಿಯೂ ಬಂದದ್ದಿಲ್ಲ. ನೋಯ್ಲಾ ಓದಿ ಮುಗಿಸಿದಳು. ಕ್ಲೆಮ್ ಹಿಂದಿನ ಸಾಲಿನ ಅದೇ ಕುರ್ಚಿಯಲ್ಲಿದ್ದ. ಸಹಿ ಹಾಕಿದ್ದಾನೋ ಇಲ್ಲವೋ ಅವನ ಮುಖದಲ್ಲಿ ಓದಲಾಗಲಿಲ್ಲ.

"ತಿದ್ದುಪಡಿ ಏನಾದ್ರೂ ಇದೆಯಾ? ಇಲ್ಲ. ಹಾಗಾದ್ರೆ..."

"ಒಂದು ಇದೆ" ಎಂದಳು ನೋಯ್ಲಾ.

ಡಗಲ್ ಕನ್ನಡಕ ತೆಗೆದ.

"ಗೇಟು ಮುಚ್ಚಿದ್ದು ಕಂಪನಿಯವರಲ್ಲ. ನಾನು. ತೆಗೆದಿದ್ದ ಗೇಟನ್ನ ನಾನೇ ಮುಚ್ಚಿದೆ. ಕ್ಲೆಮ್ ನನಗೆ ಮೊದಲೇ ಫೋನಲ್ಲಿ ಹೇಳಿಟ್ಟಿದ್ದ, ನಾನು ಕೇಳಿಸಿಕೊಂಡಿರಲಿಲ್ಲ. ಗೊತ್ತಾದ ಮೇಲೂ ಇಲ್ಲಿ ಕೂತು ಸುಳ್ಳು ಬರೆದೆ. ಆ ಸಾಲು ಹೊಡೆದುಹಾಕ್ತಿದ್ದೀನಿ." ಎಲ್ಲರೆದುರು ಪೆನ್ನಿನಿಂದ ಆ ಸಾಲಿನ ಮೇಲೆ ಗೀಟು ಎಳೆದಳು, ಪಕ್ಕದಲ್ಲಿ ತನ್ನ ಹೆಸರು ಬರೆದಳು.

ಟೀ ಕಾಯಿಸುವ ಹಂಡೆ ಮೂಲೆಯಲ್ಲಿ ಕುದಿಯುತ್ತಿತ್ತು. ಡಗಲ್ ತಗ್ಗಿದ ದನಿಯಲ್ಲಿ "ಇದನ್ನ ನಾವು ಆಮೇಲೆ, ಸಮಿತಿಯೊಳಗೇ ಮಾತಾಡಬಹುದಿತ್ತಲ್ಲ ನೋಯ್ಲಾ" ಎಂದ. ಮುಂದಿನ ಸಾಲಿನ ಹೆಂಗಸೊಬ್ಬಳು "ಹೋಯ್ತು, ಏಳು ವರ್ಷ ನೀರಲ್ಲಿ ಹೋಮ ಆಯ್ತು" ಎಂದು ಚೀಲ ಎತ್ತಿಕೊಂಡಳು. ನೋಯ್ಲಾ ನಿಂತೇ ಇದ್ದಳು. ಅವಳಿಗೆ ಹೆದರಿಕೆಯಾಗಲಿಲ್ಲ, ಸುಸ್ತು ಎಷ್ಟಿತ್ತೆಂದರೆ ಹೆದರಿಕೆಗೆ ಜಾಗವೇ ಇರಲಿಲ್ಲ.

"ತಿದ್ದುಪಡಿಗೆ ಯಾರಾದ್ರೂ ಅನುಮೋದನೆ ಕೊಡ್ಬೇಕಲ್ವಾ ಮೇಷ್ಟ್ರೇ?" ಹಿಂದಿನಿಂದ ಕ್ಲೆಮ್‌ನ ದನಿ. "ನಾನು ಕೊಡ್ತೀನಿ. ಬರ್ಕೊಳ್ಳಿ."

"ಸರಿ, ಆದರೆ ಕ್ಲೆಮ್..." ಡಗಲ್ ಕನ್ನಡಕವನ್ನು ಮತ್ತೆ ಹಾಕಿಕೊಂಡ. "ಹಾಗಾದ್ರೆ ನಿಮ್ಮ ಗೇಟಿನ ತಗಡಿನ ವಿಷಯ?"

ಕ್ಲೆಮ್ ಟೋಪಿಯನ್ನು ತಲೆಗಿಟ್ಟುಕೊಂಡ.

"ಮನೇಲಿ ಮೊಳೆ ಇಲ್ಲ. ಯಾರ ಹತ್ರಾದ್ರೂ ಮೂರು ಮೊಳೆ ಇದ್ರೆ ಕೊಡಿ."

ಹಲಗೆ ನಿಂತಿತು. ಅವತ್ತು ಯಾರೂ ಕೂಗಾಡಲಿಲ್ಲ, ಕೇಕು ಅರ್ಧ ಉಳಿಯಿತು. ನೋಯ್ಲಾ ಕಾರಿನ ಬಳಿ ಹೋಗುವಾಗ ಕ್ಲೆಮ್ ಎದುರಾದ.

"ಥ್ಯಾಂಕ್ಸ್ ಕ್ಲೆಮ್" ಎಂದಳು.

"ನಿನಗೋಸ್ಕರ ಅಲ್ಲ. ಮಾಡದ್ದಕ್ಕೆ ಕ್ಷಮೆ ಕೇಳೋನು, ನಾಳೆ ನನ್ನ ನೀರು ಹಾಳಾದ್ಮೇಲೂ ಹೂವು ಹಿಡ್ಕೊಂಡೇ ಬರ್ತಾನೆ. ಅದಕ್ಕೆ." ಅವನು ಪಿಕಪ್ಪಿನ ಬಾಗಿಲು ತೆಗೆದು ಒಂದು ಕ್ಷಣ ನಿಂತ. "ಅದ್ರಲ್ಲಿ ಆರು ಹಸು ಬೆರಿಲ್ ಬಾಟ್ಲಿ ಹಾಲು ಕುಡಿಸಿ ಸಾಕಿದ್ದು ಕಣೇ."

"ಗೊತ್ತು ಕ್ಲೆಮ್."

"ಹ್ಞೂಂ."

ಮಾರನೆಯ ಬೆಳಿಗ್ಗೆ ನೋಯ್ಲಾ ಪೇಟೆಗೆ ಹೊರಟಾಗ ಬೇಲಿಯಾಚೆ ಕ್ಲೆಮ್‌ನ ಗೇಟಿನ ಕಂಬದಲ್ಲಿ ಹಳದಿ ತಗಡು ಕಾಣಿಸಿತು, ಮೂರು ಮೂಲೆಗೂ ನೆಟ್ಟಗೆ ಮೊಳೆ. ರಸ್ತೆಯ ತಿರುವಿನಲ್ಲಿ ಅವನ ಪಿಕಪ್ ಎದುರಿಗೆ ಬಂತು. ಅವಳು ಸ್ಟೇರಿಂಗ್ ಮೇಲಿನಿಂದ ಬೆರಳೆತ್ತಿದಳು. ಅವನು ಅವಳನ್ನು ನೋಡಿದ, ಎರಡೂ ಕೈ ಸ್ಟೇರಿಂಗ್ ಮೇಲೇ ಇದ್ದವು, ಗಾಡಿ ಹಾದುಹೋಯಿತು. ಧೂಳು ಅಡಗುವವರೆಗೂ ಅವಳ ಬೆರಳು ಎತ್ತಿದ್ದು ಎತ್ತಿದ ಹಾಗೇ ಇತ್ತು. ಆಮೇಲೆ ಇಳಿಸಿ, ಗೇರು ಬದಲಿಸಿದಳು. ನಾಳೆಯೂ ಅವನು ಇದೇ ಹೊತ್ತಿಗೆ ಬರುತ್ತಾನೆ, ನಾಳೆಯೂ ಎತ್ತಬೇಕು.