ಸೊಟ್ಟ ಜೇಬು

ಮಗಳು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, ಕತ್ತು ಕೊಂಚ ಓರೆ ಮಾಡಿ, "ತುಂಬಾ ಚೆನ್ನಾಗಿದೆ ಅಮ್ಮ" ಎಂದು ಕೆಲಸಕ್ಕೆ ಹೊರಟಾಗ ತಾಯಿ ಹೊಲಿಗೆ ಮೆಷಿನ್ ಬಿಟ್ಟೆದ್ದು ಬಾಗಿಲವರೆಗೆ ಬಂದಳು. ಆ ಅಂಗಿಯ ಜೇಬನ್ನು ಅವಳು ಬೇಕೆಂದೇ ಸೊಟ್ಟಗೆ ಹೊಲಿದಿದ್ದಳು.

ಹೆತ್ತ ಮಗಳಿಗೆ ಹೀಗೊಂದು ಪರೀಕ್ಷೆ ಇಡುವ ಗತಿ ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಈಚೆಗೆ ಕಪ್ಪು ಬಟ್ಟೆಯ ಮೇಲಿನ ಕಪ್ಪು ದಾರ ಅವಳ ಬೆರಳಿಗೆ ಸಿಗುತ್ತಿತ್ತೇ ಹೊರತು ಕಣ್ಣಿಗಲ್ಲ. ಅಂಥ ಹೊತ್ತಿನಲ್ಲೇ ಹಳೇ ಗಿರಾಕಿ ಟೀಚರಮ್ಮ ತಮ್ಮ ಮಗಳ ಮದುವೆಯ ನಿಲುವಂಗಿಗೆಂದು ರೇಷ್ಮೆ ತಂದಿಟ್ಟು ಹೋಗಿದ್ದರು. ಒಮ್ಮೆ ಕತ್ತರಿ ತಪ್ಪಿದರೆ ಅಂಥ ಬಟ್ಟೆ ಮತ್ತೆ ಸಿಗುವುದಿಲ್ಲ. ಒಪ್ಪಿಕೊಳ್ಳುವುದೋ ಬಿಡುವುದೋ, ನಾಳೆ ಹೇಳಬೇಕಿತ್ತು.

ಹಿಂದೆಯಾದರೆ, ಹೊಲಿಗೆ ಹೇಗಿದೆಯೆಂದು ಕೇಳಿದರೆ ನಿಜ ಹೇಳಲು ಮನೆಯಲ್ಲೇ ಮಗಳಿದ್ದಳು. ಅವಳಿಗೆ ಹೊಲಿಗೆ ಕಲಿಸಿದಾಕೆ ಸೊಟ್ಟ ಹೊಲಿಗೆಯನ್ನು ಮುಖಕ್ಕೇ ಎಸೆಯುತ್ತಿದ್ದವಳು. ಅದೇ ಗರಡಿಯಲ್ಲಿ ತಾಯಿ ಮಗಳನ್ನೂ ಬೆಳೆಸಿದ್ದಳು. ಮೆಷಿನ್ ಕೆಳಗೆ ಚಿಂದಿ ಆರಿಸುತ್ತಿದ್ದ ಪುಟ್ಟಿ, ಗಿರಾಕಿ ಎದುರಿಗಿದ್ದಾಗಲೇ "ಅಮ್ಮಾ, ಈ ಕಾಲರು ನೆಗಡಿ ಬಂದವರ ಮೂಗಿನ ಹಾಗಿದೆ" ಎಂದುಬಿಡುತ್ತಿದ್ದಳು. ಗಿರಾಕಿ ನಗುವಷ್ಟರಲ್ಲಿ ಅಮ್ಮ ಹೊಲಿಗೆ ಬಿಚ್ಚಿರುತ್ತಿದ್ದಳು.

ಆ ಪುಟ್ಟಿ ಈಗ ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಯಾರಿಗೂ ಒಪ್ಪುವುದಿಲ್ಲ ಎನ್ನಬಾರದಂತೆ, ಈ ಬಣ್ಣವೂ ನಿಮಗೆ ಚಂದ ಎನ್ನಬೇಕಂತೆ. ಬರುಬರುತ್ತಾ ಆ ಮಾತು ಹೊಸ್ತಿಲು ದಾಟಿ ಒಳಗೂ ಬಂತು. ಉಪ್ಪು ಹೆಚ್ಚಾದ ಅಡುಗೆ ಚೆನ್ನಾಗಿತ್ತು, ಅಪ್ಪನ ಹಳೇ ಜೋಕೂ ಚೆನ್ನಾಗಿತ್ತು. ಸುಳ್ಳು ಹೇಳಿ ಸಂಬಳ ತಗೊಳ್ತೀಯಾ ಎಂದು ತಾಯಿ ಒಮ್ಮೆ ಹರಿಹಾಯ್ದಿದ್ದಳು. ಎದುರಿನವರ ಮುಖ ಬಾಡದ ಹಾಗೆ ನೋಡಿಕೊಳ್ಳುವುದು ಸುಳ್ಳು ಹೇಗಾಗುತ್ತೆ ಎಂದು ಮಗಳು ತಣ್ಣಗೆ ಕೇಳಿದ್ದಳು. ದಪ್ಪಗಾದವರ ರವಿಕೆಯನ್ನು ಸದ್ದಿಲ್ಲದೆ ಸಡಿಲಿಸಿ, ಅದೇ ಹಳೇ ಅಳತೆ ಎನ್ನುತ್ತಿದ್ದ ತಾಯಿ ಆಗ ಮೆಷಿನ್ನಿನತ್ತ ತಿರುಗಿ ಕೂತಿದ್ದಳು.

ಸಂಜೆ ಮಗಳು ಅದೇ ಅಂಗಿಯಲ್ಲಿ ವಾಪಸು ಬಂದಳು. ಅಂಗಡಿಯಲ್ಲಿ ಎಲ್ಲರೂ ಹೊಗಳಿದರಂತೆ. ತಾಯಿಗೆ ತಡೆಯಲಾಗಲಿಲ್ಲ.

"ಸಾಕು ಕಣೇ. ಹೊಲಿಗೆ ಸೊಟ್ಟಗಿರೋದು ನಿಂಗೆ ಕಾಣಲಿಲ್ವಾ?"

ಮಗಳು ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಬೆಳಿಗ್ಗೇನೇ ಕಾಣ್ತು. ಹೇಗಮ್ಮ ಹೇಳ್ಲಿ? ಅದಕ್ಕೇ ದಿನವಿಡೀ ಮಡಚ್ಕೊಂಡೇ ಇದ್ದೆ."

ತಾಯಿಗೆ ನಗು ಉಕ್ಕಿತು. ಅದು ತಾನೇ ಬೇಕೆಂದು ಮಾಡಿದ್ದೆಂದು ಹೇಳಿ ಜೇಬನ್ನು ತಟ್ಟಿದಳು. ಆಮೇಲೆ ಅವಳ ಕೈ ಅಲ್ಲೇ ನಿಂತಿತು. ಜೇಬನ್ನು ಯಾರಾದರೂ ಮಡಚುತ್ತಾರೆಯೇ?

ಮಗಳೂ ಬಗ್ಗಿ ಜೇಬು ನೋಡಿಕೊಂಡಳು. "ಇದಾ? ಇದು ಹೊಸ ಸ್ಟೈಲ್ ಅಂದ್ಕೊಂಡೆ. ನಾ ಹೇಳಿದ್ದು ತೋಳು, ಅಮ್ಮ."

ಮೊಣಕೈವರೆಗೆ ಸುತ್ತಿದ್ದ ಬಲತೋಳನ್ನು ಅವಳು ಬಿಡಿಸಿದಳು. ತಾಯಿ ಕಿಟಕಿಯ ಬೆಳಕಿಗೆ ಹಿಡಿದಳು, ಕನ್ನಡಕ ಒರೆಸಿ ಮತ್ತೆ ಹಿಡಿದಳು. ಏನೂ ಕಾಣಲಿಲ್ಲ. ಮಗಳೇ ಅವಳ ಬೆರಳು ಹಿಡಿದು ಹೊಲಿಗೆಯ ಮೇಲೆ ಮೆಲ್ಲಗೆ ನಡೆಸಿದಳು. ಒಂದೆಡೆ ಬೆರಳು ದಾರಿ ಬಿಟ್ಟು ಪಕ್ಕಕ್ಕೆ ಜಾರಿತು.

ಮುಚ್ಚಿಟ್ಟಿದ್ದಕ್ಕೆ ಬೈಯಬೇಕೋ, ಮುಚ್ಚಿಕೊಂಡು ತಿರುಗಿದ್ದಕ್ಕೆ ತಲೆ ಸವರಬೇಕೋ ಅವಳಿಗೆ ತಿಳಿಯಲಿಲ್ಲ. ಅಂಗಡಿ ಕಲಿಸಿದ್ದು ಯಾವುದು, ತಾನು ಕಲಿಸಿದ್ದು ಯಾವುದು, ಎಲ್ಲ ಒಂದೇ ಉಂಡೆಯ ದಾರದ ಹಾಗೆ ಗೋಜಲಾಗಿತ್ತು.

"ಟೀಚರಮ್ಮನಿಗೆ ಏನಂತ ಹೇಳ್ಲೇ?"

ಮಗಳ ಕತ್ತು ಅಭ್ಯಾಸಬಲದಿಂದ ಓರೆಯಾಗತೊಡಗಿ, ಅರ್ಧದಲ್ಲೇ ನಿಂತಿತು. "ಬೇಡ ಅಮ್ಮ. ಆಗಲ್ಲ ಅಂದ್ಬಿಡು."

ಇಷ್ಟು ದಿನ ಕಾದಿದ್ದ ಮಾತು. ಬಂದಾಗ ಮಾತ್ರ, ಆ ಅಂಗಡಿಯ ಮಾತೇ ಬಂದಿದ್ದರೆ ಎಂದು ಒಂದು ಗಳಿಗೆ ಅನಿಸಿತು. ತಾಯಿ ರೇಷ್ಮೆಯನ್ನು ಬಂದ ಮಡಿಕೆಯಲ್ಲೇ ಮಡಚತೊಡಗಿದಳು.

"ನಾನೇ ಹೇಳ್ತೀನಿ ಬಿಡು," ಎಂದಳು ಮಗಳು. "ನೀ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರೆ ಪಾಪ ಅವರು ಅತ್ತುಬಿಡ್ತಾರೆ."

ನಗಬೇಕೋ ಬೇಡವೋ ಎಂದು ತಾಯಿ ಇನ್ನೂ ಯೋಚಿಸುತ್ತಿದ್ದಳು.